ನಾಲ್ಕು ಹೊಲದ ಮೂಲಿ ಕೂಡೋ ಜಾಗಾ ದಾಟಿದ್ರ ತಪ್ಪೇನ್ರಿ?

ಹೋದ ಸಂಚಿಕಿಯೊಳಗ ಅಮೆರಿಕಾದ ಪಶ್ಚಿಮ ರಾಜ್ಯಗಳ ಶಿಕಾರಿ ಬಗ್ಗಿ ನಾಲ್ಕು ಸಾಲು ಬರ್ದಿದ್ದೆ. ಅದಕ್ಕ ಬಂದ ಪತ್ರದಾಗ ನಾಲ್ಕಕ್ಕ ಇಲ್ಲಿ ಉತ್ತರ ಕೊಟ್ಟೀನಿ.

ಪ್ರಶ್ನೆ: ಅಣ್ಣಾರ, ನನ್ ಮಗ ಡೆನ್ವರ್‌ದಾಗ ಇರ್ತಾನ. ಆಫೀಸ್ ಗೆಳ್ಯಾರ ಜೋಡಿ ಶಿಕಾರಿಗೆ ಹೋಗಿ ದೊಡ್ಡ ಕೋಡಿನ ಪ್ರಾಣಿ ಮುಂದ ಕುಂತ ಫೋಟೋ ಕಳ್ಸ್ಯಾನ. ನಮ್ಮನ್ಯಾಗ ತತ್ತಿ ಸೈತ ತರಂಗಿಲ್ಲ. ಎರಡು ದಿನ ನಂಗ ಊಟ ಸೇರಿಲ್ಲ. ಅಲ್ಲಿ ಯಾರೂ ಏನೂ ಅನ್ನಂಗಿಲ್ಲೇನ್ರಿ? — ಒಬ್ಬ ತಾಯಿ, ಸೇಡಂ

ಉತ್ತರ: ಅಕ್ಕಾರ, ನಿಮ್ಮ ಸಂಕಟ ನಂಗ ತಿಳೀತದ, ಅದು ಸುಳ್ಳು ಅಂತ ಹೇಳ್ಲಾಕ ಈ ಉತ್ತರ ಬರೀಲಾಕತ್ತಿಲ್ಲ. ಆ ಪ್ರಾಣಿ ಎಲ್ಕ್ ಇರ್ಬೇಕು, ನಮ್ಮ ಕಡವಿಗಿಂತ ದೊಡ್ಡದು, ಗಂಡು 300 ಕಿಲೋ ದಾಟ್ತದ. ಅಲ್ಲಿ ಕಾಡುಪ್ರಾಣಿ ಹೊಲದ ಮಾಲೀಕನದಲ್ಲ, ಎಲ್ಲಾ ಮಂದೀದು ಅಂತ ಲೆಕ್ಕ, ಅದಕ್ಕ ಹೊಡೀಬೇಕಂದ್ರ ರಾಜ್ಯದ ಕಡಿಂದ ಟ್ಯಾಗ್, ಅಂದ್ರ ಪ್ರಾಣಿ ಹೊಡ್ಯೋ ಪರವಾನಗಿ ಚೀಟಿ, ತಗೋಬೇಕು, ಎಷ್ಟೋ ಕಡಿ ಅದು ಲಾಟರಿ ಇದ್ದಂಗ, ಒಂದು ಒಳ್ಳೆ ಏರಿಯಾದ ಟ್ಯಾಗ್ ಸಲುವಾಗಿ ವರ್ಷಗಟ್ಲೆ ಕಾಯೋರಿದ್ದಾರ. ಹೊಡೆದ ಮಾಂಸ ಮಾರೋ ಹಂಗಿಲ್ಲ. ತಿನ್ನೋ ಮಾಂಸ ಗುಡ್ಡದಾಗ ಬಿಟ್ಟು ಬರೀ ಕೋಡು ತಂದ್ರ ಅದೇ ಅಪರಾಧ.

ಈ ಕಟ್ಟುಪಾಡು ಸುಮ್ನ ಬಂದಿಲ್ಲ. 19ನೇ ಶತಮಾನದಾಗ ಚರ್ಮಕ್ಕ, ಮಾಂಸಕ್ಕ ಹೊಡ್ದು ಹೊಡ್ದು ಕೋಟಿಗಟ್ಲೆ ಇದ್ದ ಬೈಸನ್, ಅಂದ್ರ ಅಲ್ಲಿನ ಕಾಡುಕೋಣ, ಸಾವಿರದೊಳಗ ಬಂತು. ಆಗ ಶಿಕಾರಿ ಮಾಡೋ ಮಂದೀನೇ ಹೆದರಿದ್ರು. 1887ರಾಗ, ಮುಂದ ಅಮೆರಿಕಾದ ಅಧ್ಯಕ್ಷ ಆದ ಥಿಯೊಡೋರ್ ರೂಸ್ವೆಲ್ಟ್ ಮತ್ತವರ ಗೆಳ್ಯಾರು ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದ್ರು, ಪ್ರಾಣಿಗೆ ತಪ್ಪಿಸ್ಕೊಳ್ಳೋ ಅವಕಾಶ ಇರ್ಲೇಬೇಕು ಅನ್ನೋ ‘ಫೇರ್ ಚೇಸ್’ ಮಾತು ಅವರಿಂದನೇ ಹಬ್ಬಿತು. 1937ರ ಕಾಯ್ದಿ ಪ್ರಕಾರ ರೈಫಲ್ಲು, ಗುಂಡಿನ ಮ್ಯಾಲ 11 ಪರ್ಸೆಂಟ್ ತೆರಿಗಿ ಅದ, ಆ ರೊಕ್ಕ ಹೆಚ್ಚಾಗಿ ಪ್ರಾಣಿ ಉಳ್ಸೋ ಕೆಲ್ಸಕ್ಕ ಹೋಗ್ತದ.

ನಾ ಅಲ್ಲಿದ್ದಾಗ ಒಂದ್ಸಲ ಗೆಳ್ಯಾನ ಜೋಡಿ ಹೋಗಿದ್ದೆ. ಬಂದೂಕ ಮುಟ್ಟಿಲ್ಲ, ಮಾಂಸ ಹೊತ್ತೀನಿ. ಅಂವಾ ಗುಂಡು ಹಾರ್ಸಿದ ಮ್ಯಾಲ ಅರ್ಧ ತಾಸು ಅಲ್ಲಾಡದಂಗ ಕುಂತ, ಗಾಯ ಆದದ್ದು ಬೆದರಿ ದೂರ ಓಡಬಾರದಂತ, ಆಮ್ಯಾಲ ರಕ್ತದ ಹನಿ ಒಂದೊಂದೇ ಹುಡ್ಕೋತ ಹೋದ್ವಿ. ಸಿಕ್ಕಾಗ ಅಂವಾ ಟೊಪ್ಪಿಗಿ ತಗ್ದು ಅದರ ಕುತ್ತಿಗಿ ಮ್ಯಾಲ ಕೈ ಇಟ್ಟು ಸುಮ್ನ ನಿಂತ. ಫೋಟೋದಾಗ ಇದು ಕಾಣಂಗಿಲ್ಲ ಅಕ್ಕಾರ. ಮಗನಿಗೆ ಫೋನ್ ಹಚ್ಚಿ ಫೋಟೋ ಬಗ್ಗಿ ಕೇಳ್ಬ್ಯಾಡ್ರಿ, ಆ ದಿನ ಹೆಂಗ ಹೋಯ್ತು ಅಂತ ಕೇಳ್ರಿ. ನಿಮಗ ಏನನಿಸ್ತು ಅನ್ನೋದೂ ಹೇಳ್ರಿ, ಅಂವಾ ಕೇಳ್ಬೇಕು.

ಪ್ರಶ್ನೆ: ನಾಲ್ಕು ಹೊಲದ ಮೂಲಿ ಕೂಡೋ ಜಾಗಾದಾಗ ಹಾರಿ ದಾಟಿದ್ದಕ್ಕ ಅಲ್ಲಿ ಕೋರ್ಟ್ ಕೇಸ್ ಆಗ್ಯಾದ ಅಂತ ಬರ್ದೀರಿ. ನೆಲ ಮುಟ್ದೆ ದಾಟಿದ್ರ ಅತಿಕ್ರಮಣ ಹೆಂಗಾಗ್ತದ್ರಿ? — ಒಬ್ಬ ಮಾಸ್ತರರು, ಸುರಪುರ

ಉತ್ತರ: ಮಾಸ್ತರ, ಇದು ನನಗ ಭಾಳ ಹತ್ರದ ವಿಷಯ, ಸ್ವಲ್ಪ ಉದ್ದ ಆಗ್ತದ. ಅಲ್ಲಿ ಪಶ್ಚಿಮದಾಗ ಸರಕಾರಿ ಜಮೀನು ಎಷ್ಟದ ಅಂದ್ರ ನೆವಾಡಾ ರಾಜ್ಯದ ಹತ್ರಹತ್ರ 80 ಪರ್ಸೆಂಟ್ ಕೇಂದ್ರ ಸರಕಾರದ್ದೇ, ಬ್ಯೂರೊ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅನ್ನೋ ಒಂದೇ ಇಲಾಖಿ ಕೈಯಾಗ 24 ಕೋಟಿ ಎಕರೆ ಮ್ಯಾಲದ. ಅದರಾಗ ಶ್ರೀಮಂತ, ಬಡವ, ಯಾರ್ ಬೇಕಾದ್ರೂ ನಡ್ದು ಹೋಗಬಹುದು, ಡೇರೆ ಹಾಕಬಹುದು, ಟ್ಯಾಗ್ ಇದ್ರ ಶಿಕಾರಿ ಮಾಡಬಹುದು. ಆದ್ರ 1862ರ ಕಾಯ್ದಿಂದ ರೈಲು ಹಾಕೋ ಕಂಪನಿಗಳಿಗೆ ಹಳಿ ಎರಡೂ ಬಾಜು ಒಂದ್ ಬಿಟ್ಟು ಒಂದರಂಗ ಒಂದು ಮೈಲಿ ಚೌಕದ ಜಮೀನು ಕೊಟ್ರು. ಚದುರಂಗದ ಹಾಸಿನ್ಯಾಗ ಕಪ್ಪು ಮನಿ ಖಾಸಗಿ, ಬಿಳಿ ಮನಿ ಸರಕಾರಿ ಅನ್ಕೋರಿ. ಬಿಳಿ ಮನಿಯಿಂದ ಬಿಳಿ ಮನಿಗೆ ಹೋಗ್ಬೇಕಂದ್ರ ಮೂಲಿಯಿಂದ ಮೂಲಿಗೇ ಹೋಗ್ಬೇಕು, ಬ್ಯಾರೆ ದಾರಿ ಇಲ್ಲ.

2021ರಾಗ ಮಿಸ್ಸೌರಿಯಿಂದ ಬಂದ ನಾಲ್ಕು ಮಂದಿ ವಯೋಮಿಂಗ್‌ದ ಎಲ್ಕ್ ಮೌಂಟೇನ್ ಹತ್ರ ಅಂಥ ಮೂಲಿ ಮ್ಯಾಲ ಕಬ್ಬಿಣದ ಏಣಿ ಇಟ್ಟು ದಾಟಿದ್ರು. ಖಾಸಗಿ ನೆಲಕ್ಕ ಬೂಟು ತಾಕಿಲ್ಲ. ನನ್ನ ಜಮೀನಿನ ಮ್ಯಾಲಿನ ಗಾಳಿ ಸೈತ ನಂದೇ ಅಂತ ಮಾಲೀಕ ಲಕ್ಷಾಂತರ ಡಾಲರ್ ಪರಿಹಾರಕ್ಕ ದಾವೆ ಹಾಕ್ದ. ಅತಿಕ್ರಮಣದ ಕ್ರಿಮಿನಲ್ ಕೇಸೂ ಬಿದ್ದಿತ್ತು, 2022ರಾಗ ಜ್ಯೂರಿ ಅದರಿಂದ ಅವ್ರನ್ನ ಬಿಡ್ತು. 2025ರ ಮಾರ್ಚ್‌ದಾಗ ಅಪೀಲು ಕೋರ್ಟು, ಸರಕಾರಿ ಜಮೀನಿನ ದಾರಿ ಯಾರೂ ಕಟ್ಟಬಾರ್ದು ಅನ್ನೋ 1885ರ ಕಾಯ್ದಿ ತೋರ್ಸಿ ಶಿಕಾರಿಯವರ ಪರ ತೀರ್ಪು ಕೊಡ್ತು, ಅಕ್ಟೋಬರ್‌ದಾಗ ಸುಪ್ರೀಂ ಕೋರ್ಟು ಮಾಲೀಕನ ಅರ್ಜಿ ತಗೊಳ್ಲಿಲ್ಲ. ಆ ಅಪೀಲು ಕೋರ್ಟಿನ ವ್ಯಾಪ್ತಿ ಆರು ರಾಜ್ಯಕ್ಕ ಅಷ್ಟೇ, ವಯೋಮಿಂಗ್ ಬಾಜುದ ಮೊಂಟಾನಾ ರಾಜ್ಯ ಅದರಾಗ ಬರಂಗಿಲ್ಲ.

ಅದೇ 2025ರ ಜೂನ್‌ದಾಗ 20ರಿಂದ 30 ಲಕ್ಷ ಎಕರೆ ಸರಕಾರಿ ಜಮೀನು ಮಾರೋ ಪ್ರಸ್ತಾವ ಅಲ್ಲಿನ ಸಂಸತ್ತಿನ ಮ್ಯಾಲ್ಮನಿ ಸೆನೆಟ್‌ದಾಗ ಬಂತು, ಆಗ ಶಿಕಾರಿಯವರು, ಪರಿಸರದವರು, ಎಂದೂ ಒಂದೇ ಸಾಲಿನ್ಯಾಗ ನಿಲ್ಲದ ಮಂದಿ ಕೂಡಿ ಗದ್ದಲ ಮಾಡಿದ್ರು, ತಿಂಗಳು ಮುಗಿಯೋದ್ರಾಗ ವಾಪಸ್ ತಗೊಂಡ್ರು. ಇದನ್ನ ಓದಿದ ರಾತ್ರಿ ನಂಗ ನಮ್ಮೂರ ಗಾಯರಾಣ ನೆನಪಾಯ್ತು. ಸಣ್ಣಾವಿದ್ದಾಗ ನಾ ಎಮ್ಮಿ ಮೇಸಿದ ಜಾಗಾ. ಈಗ ಅಲ್ಲಿ ತೊಗರಿ ನಿಂತದ, ಮುಳ್ಳುತಂತಿ ಹಾಕ್ಯಾರ, ಚಿಗರಿ ಬರೋದು ನಿಂತದ, ಊರಾಗ ಯಾರೂ ಬಾಯಿ ಬಿಚ್ಚಂಗಿಲ್ಲ, ನಾನೂ ಬಿಚ್ಚಿಲ್ಲ. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡ್ರಿ ಅಂತ ನಮ್ಮ ಸುಪ್ರೀಂ ಕೋರ್ಟು 2011ರ ಜನವರಿಯೊಳಗೇ ಎಲ್ಲಾ ರಾಜ್ಯಕ್ಕ ಹೇಳ್ಯಾದ. ಸಾಲ್ಯಾಗ ಮಕ್ಕಳಿಗೆ ಊರ ನಕಾಶೆ ತೋರ್ಸಿ ಗಾಯರಾಣ ಎಲ್ಲದ ಅಂತ ಹುಡ್ಕಸ್ರಿ ಮಾಸ್ತರ.

ಪ್ರಶ್ನೆ: ಸರ್, ಅಮೆರಿಕಾದ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ಗೆ ಎಂಎಸ್ ಓದ್ಲಾಕ ಹೊಂಟೀನಿ. ಅಲ್ಲಿ ಶಿಕಾರಿ ನೋಡ್ಲಾಕ, ಸಾಧ್ಯ ಆದ್ರ ಮಾಡ್ಲಾಕ, ಏನೇನ್ ಸಾಮಾನು ಬೇಕು? — ಒಬ್ಬ ವಿದ್ಯಾರ್ಥಿ, ಬೀದರ್

ಉತ್ತರ: ತಮ್ಮಾ, ಮೊದ್ಲು ಕಾಗದ. ಸ್ಟೂಡೆಂಟ್ ವೀಸಾದಾಗ ಇರೋರು ಬಂದೂಕ ಹಿಡಿಯೋದು ಅಲ್ಲಿ ಕೇಂದ್ರ ಕಾಯ್ದಿ ಪ್ರಕಾರ ಅಪರಾಧ, ಚಾಲ್ತಿ ಶಿಕಾರಿ ಲೈಸೆನ್ಸ್ ಇದ್ದೋರಿಗೆ ಮಾತ್ರ ವಿನಾಯ್ತಿ. ಕೊಲೊರಾಡೊದಾಗ ಲೈಸೆನ್ಸ್‌ಗೆ ಹಂಟರ್ ಎಜುಕೇಶನ್ ಕೋರ್ಸ್ ಪಾಸಾಗ್ಬೇಕು. ಲೈಸೆನ್ಸ್ ಕೈಗೆ ಬರೋತನಕ ಗೆಳ್ಯಾನ ರೈಫಲ್ ‘ಜರಾ ಹಿಡ್ಕೋ’ ಅಂತ ಕೊಟ್ರೂ ಮುಟ್ಟಬ್ಯಾಡ.

ಸಾಮಾನಿನಾಗ ರೊಕ್ಕ ಹಾಕೋದಾದ್ರ ಬೂಟಿಗೆ, ಬೈನಾಕ್ಯುಲರ್‌ಗೆ ಹಾಕು. ರೈಫಲ್ ಸೀಸನ್‌ದಾಗ 500 ಚದರ ಇಂಚು ಕಿತ್ತಳೆ ಇಲ್ಲಾ ಗುಲಾಬಿ ಬಣ್ಣ ಮೈಮ್ಯಾಲ ಇರ್ಲೇಬೇಕು, ತಲಿ ಮ್ಯಾಲನೂ. ಮಾಂಸ ಹೊರೋ ಫ್ರೇಮ್ ಇದ್ದ ಬ್ಯಾಗು, ಗಾಳಿ ಆಡೋ ಬಟ್ಟಿ ಚೀಲ, ಚೂರಿ, ಜಮೀನಿನ ಗಡಿ ತೋರ್ಸೋ ನಕಾಶೆ ಆ್ಯಪ್. ಗುಂಡು ತಗೊಂಡ್ರ ತಾಮ್ರದ್ದೇ ತಗೋ, ಸೀಸದ್ದು ಬ್ಯಾಡ. ಸೀಸದ ಚೂರು ಉಳಿದ ಮಾಂಸ ತಿಂದು ಅಲ್ಲಿನ ರಣಹದ್ದು, ಕಾಂಡೋರ್ ಅಂತಾರ, ಸಾಯ್ತಾವ, 1982ರಾಗ ಬರೀ 22 ಉಳ್ದಿದ್ವು. ಕ್ಯಾಲಿಫೋರ್ನಿಯಾದಾಗ 2019ರಿಂದ ಶಿಕಾರಿಗೆ ಸೀಸದ ಗುಂಡು ಪೂರಾ ಬಂದ್. ನಮ್ಮ ರಣಹದ್ದು ದನದ ಔಷಧಿ ಡೈಕ್ಲೊಫೆನಾಕ್‌ದಿಂದ ಹೋದ್ವು, ಅಲ್ಲಿ ಗುಂಡಿಂದ. ಎರಡೂ ಕಡಿ ವಿಷ ತಿಂದಿದ್ದು ಹೆಣದಾಗ.

ಪ್ರಶ್ನೆ: ಅಲ್ಲಿ ಅವ್ರಿಗೆ ಲೈಸೆನ್ಸ್ ಕೊಡ್ತಾರ, ನಮ್ಮ ತೊಗರಿ ಎಲ್ಲಾ ಹಂದಿ ಪಾಲಾಗ್ಲಾಕತ್ತದ, ನಮಗ್ಯಾಕ ಇಲ್ರಿ? — ಒಬ್ಬ ರೈತ, ಚಿಂಚೋಳಿ

ಉತ್ತರ: ಕಾಕಾ, ನಿಮ್ಮ ಸಿಟ್ಟು ಬರೋಬರ್ ಅದ. ಆದ್ರ 1972ರ ವನ್ಯಜೀವಿ ಕಾಯ್ದಿ ಪ್ರಕಾರ ನಮ್ಮಲ್ಲಿ ಶಿಕಾರಿ ಬಂದ್. ಬೆಳಿ ಹಾಳ್ ಮಾಡೋ ಹಂದಿ ಹೊಡೀಲಾಕ 11ನೇ ಕಲಂ ಪ್ರಕಾರ ಅರಣ್ಯ ಇಲಾಖಿಯ ಅಧಿಕಾರ ಇದ್ದ ಸಾಹೇಬ್ರೇ ಬರ್ದು ಅನುಮತಿ ಕೊಡ್ಬೇಕು, ನಮ್ಮಷ್ಟಕ್ಕ ನಾವು ಮಾಡೋ ಹಂಗಿಲ್ಲ. ಕರೆಂಟ್ ತಂತಿ ಅಂತೂ ಎಳೀಲೇಬ್ಯಾಡ್ರಿ, ರಾತ್ರಿ ನೀರು ಕಟ್ಲಾಕ ಹೋಗೋ ಮಂದಿ ಅದಕ್ಕ ಸಿಗ್ತಾರ. ನಾಳೆ ಮುಂಜಾನಿ ಹಾಳಾದ ಸಾಲಿನ ಫೋಟೋ ತಗೋರಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಝೆರಾಕ್ಸ್ ಹಚ್ಚಿ ವಲಯ ಅರಣ್ಯಾಧಿಕಾರಿ ಆಫೀಸಿಗೆ ಪರಿಹಾರದ ಅರ್ಜಿ ಕೊಡ್ರಿ, ಸ್ವೀಕೃತಿ ಚೀಟಿ ಇಸ್ಕೊಳ್ದೆ ಅಲ್ಲಿಂದ ಏಳಬ್ಯಾಡ್ರಿ.