ರೂಟ್ ಮಾಡಬೇಡಿ, ಮೊದಲು ಮೀಟರ್ ಹಿಡಿಯಿರಿ

ಟ್ಯಾಬ್ಲೆಟ್‌ಗೆ ಹಳೆಯ ಯಂತ್ರ ಜೋಡಿಸುವ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ. ಈ ಸಲ ಅದಕ್ಕೇ ಜಾಸ್ತಿ ಜಾಗ. ಓಟಿಜಿ ಎಂದರೇನು, ಪೈಥಾನ್ ಹಾಕಿಕೊಳ್ಳುವುದು ಹೇಗೆ ಎಂದೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಹಳೆಯ ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ಆರ್‌ಎಸ್-232 (ಹಳೆಯ ಮಾದರಿಯ ಸೀರಿಯಲ್) ಪೋರ್ಟ್ ಇದೆ. ಆಂಡ್ರಾಯ್ಡ್ ಟ್ಯಾಬ್ಲೆಟ್‌ನ ಟರ್ಮಕ್ಸ್ ಆ್ಯಪ್‌ನಲ್ಲಿ ಪೈಥಾನ್ ಪ್ರೋಗ್ರಾಂ ಬರೆದೆ. ಓಟಿಜಿ, ಯುಎಸ್‌ಬಿ-ಸೀರಿಯಲ್ ಕೇಬಲ್ ಎಲ್ಲ ಹಾಕಿದರೂ ಪೈಸೀರಿಯಲ್ (ಸೀರಿಯಲ್ ಪೋರ್ಟ್ ಓದುವ ಪೈಥಾನ್ ಲೈಬ್ರರಿ) ಪೋರ್ಟೇ ಇಲ್ಲ ಎನ್ನುತ್ತದೆ. ರೂಟ್ ಮಾಡಲೇ?

ಬೇಡ. ರೂಟ್ ಮಾಡಿ (ಅಂದರೆ ಸಿಸ್ಟಂನ ಪೂರ್ತಿ ಅಧಿಕಾರ ಕಿತ್ತುಕೊಳ್ಳಿ) ಎಂದವರನ್ನು ಒಂದು ಮಾತು ಕೇಳಿ: ನನ್ನ ಟ್ಯಾಬ್ಲೆಟ್‌ನ ಕರ್ನೆಲ್‌ನಲ್ಲಿ (ಸಿಸ್ಟಂನ ತಿರುಳಿನಲ್ಲಿ) ಈ ಕೇಬಲ್‌ನ ಚಿಪ್‌ಗೆ ಡ್ರೈವರ್ ಇದೆಯಾ? ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಇರುವುದಿಲ್ಲ. ಆಗ ರೂಟ್ ಮಾಡಿದ ಮೇಲೂ ಪೋರ್ಟ್ ಕಾಣಿಸುವುದಿಲ್ಲ, ಬ್ಯಾಂಕ್ ಆ್ಯಪ್ ಮಾತ್ರ ಕೈಕೊಡುತ್ತದೆ. ಇನ್ನು ದುಡ್ಡು ತೆಗೆದುಕೊಂಡು 'ಎಲ್ಲ ಕೇಬಲ್‌ಗೂ ಆಗುವ ಡ್ರೈವರ್ ಆ್ಯಪ್' ಕೊಡುವವರು. ಮಾಮೂಲಿ ಆ್ಯಪ್‌ಗೆ ಕರ್ನೆಲ್‌ನೊಳಗೆ ಡ್ರೈವರ್ ತುರುಕಲು ಆಗುವುದೇ ಇಲ್ಲ. ಅದು ಮೋಸ, ಅಷ್ಟೆ.

ಆಂಡ್ರಾಯ್ಡ್ 2011ರ 3.1ನೇ ಆವೃತ್ತಿಯಿಂದ ಆ್ಯಪ್‌ಗಳಿಗೆ ಯುಎಸ್‌ಬಿ ಸಾಧನದ ಜೊತೆ ನೇರವಾಗಿ ಮಾತಾಡಲು ಬಿಟ್ಟಿದೆ. ಆದರೆ ಲಿನಕ್ಸ್ ಕಂಪ್ಯೂಟರ್‌ನ ಹಾಗೆ ಪೋರ್ಟನ್ನು ಒಂದು ಫೈಲ್ ಮಾಡಿ ಕೈಗೆ ಕೊಡುವುದಿಲ್ಲ. ಸೀರಿಯಲ್ ಟರ್ಮಿನಲ್ ಆ್ಯಪ್‌ಗಳು ಎಫ್‌ಟಿ232, ಸಿಎಚ್340, ಸಿಪಿ2102, ಪಿಎಲ್2303 ಚಿಪ್‌ಗಳ ಡ್ರೈವರನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಪೈಸೀರಿಯಲ್ ಹುಡುಕುವುದು ಆ ಫೈಲನ್ನು. ಇಲ್ಲದ್ದನ್ನು ಎಲ್ಲಿಂದ ತರುತ್ತದೆ?

ಮೊದಲು ಕೇಬಲ್ ಪರೀಕ್ಷಿಸಿ. ಅಂಥ ಒಂದು ಟರ್ಮಿನಲ್ ಆ್ಯಪ್ ಹಾಕಿ, ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ಆ್ಯಪ್ ತಾನೇ ತೋರಿಸುವುದು) ಆಫ್ ಮಾಡಿ. ಯಂತ್ರದಿಂದ ಬಿಚ್ಚಿದ ಕೇಬಲ್‌ನ 9 ಪಿನ್ ತುದಿಯಲ್ಲಿ 2 ಮತ್ತು 3ನ್ನು ಸಣ್ಣ ತಂತಿಯಿಂದ ಸೇರಿಸಿ. ಟೈಪ್ ಮಾಡಿದ ಅಕ್ಷರ ತಿರುಗಿ ಬಂದರೆ ಓಟಿಜಿ, ಚಿಪ್, ಆ್ಯಪ್ ಮೂರೂ ಸರಿ ಇವೆ. ಇದನ್ನು ಮಾಡದೆ ಮೂರನೇ ಕೇಬಲ್ ಕೊಂಡವರ ಪತ್ರಗಳಿಗೆ ನಾನು ಉತ್ತರಿಸುವುದನ್ನೇ ಬಿಟ್ಟಿದ್ದೇನೆ.

ಆಮೇಲೆ ಯಂತ್ರದ ಕಡೆ. ಮಲ್ಟಿಮೀಟರ್‌ನ ಕಪ್ಪು ತುದಿ 5ನೇ ಪಿನ್‌ಗೆ, ಕೆಂಪು ತುದಿ ಮೊದಲು 2ಕ್ಕೆ, ನಂತರ 3ಕ್ಕೆ. (25 ಪಿನ್ನಿನದಾದರೆ ಗ್ರೌಂಡ್ 7ರಲ್ಲಿ.) ಯಾವುದರಲ್ಲಿ ಮೈನಸ್ 3ರಿಂದ ಮೈನಸ್ 15ರೊಳಗೆ ವೋಲ್ಟ್ ಕಾಣುತ್ತದೋ ಅದು ಯಂತ್ರ ಕಳಿಸುವ ತಂತಿ. ಅದು ನಿಮ್ಮ ಕೇಬಲ್‌ನ 2ಕ್ಕೆ ಬರಬೇಕು. ಬರದಿದ್ದರೆ 2, 3ನ್ನು ಅದಲುಬದಲು ಮಾಡುವ ನಲ್ ಮೋಡೆಮ್ ಅಡಾಪ್ಟರ್ ಬೇಕು.

ತೂಕದ ಬದಲು ಕಸದಂಥ ಅಕ್ಷರ ಬಂದರೆ ಖುಷಿಪಡಿ, ತಂತಿ ಸರಿ ಇದೆ. ಬಾಡ್ ರೇಟ್ (ಕಳಿಸುವ ವೇಗ) ಅಥವಾ ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ತಪ್ಪಿದೆ. ಎಲ್ಲರೂ 9600, 8 ಬಿಟ್ ಎಂದುಕೊಳ್ಳುತ್ತಾರೆ. ಹಳೆಯ ಯಂತ್ರಗಳಲ್ಲಿ 7 ಬಿಟ್, ಈವನ್ ಪ್ಯಾರಿಟಿ ಸಾಕಷ್ಟು ಸಿಗುತ್ತದೆ. ಏನೂ ಬರದಿದ್ದರೆ ಯಂತ್ರದ ಪ್ರಿಂಟ್ ಬಟನ್ ಒತ್ತಿ ನೋಡಿ. ಕೆಲವು ಅದನ್ನು ಒತ್ತದೆ ಬಾಯಿ ಬಿಡುವುದಿಲ್ಲ.

ನಿಮ್ಮ ಪೈಥಾನ್ ಪ್ರೋಗ್ರಾಂ ಉಳಿಸಿಕೊಳ್ಳಲು ನಾನು ಹೇಳುವ ದಾರಿ ವೈಫೈ. ಒಂದು ಇಎಸ್‌ಪಿ32 ಬೋರ್ಡ್‌ಗೆ (ವೈಫೈ ಇರುವ ಪುಟ್ಟ ಕಂಟ್ರೋಲರ್) ಸೀರಿಯಲ್‌ನಲ್ಲಿ ಬಂದದ್ದನ್ನು ವೈಫೈಗೆ ದಾಟಿಸುವ ಸೇತುವೆ ಪ್ರೋಗ್ರಾಂ ಹಾಕಿ. ಬಾಡ್ ರೇಟ್ ಅಲ್ಲೇ ಹೊಂದಿಸಿ. ಪೈಸೀರಿಯಲ್‌ಗೆ ಪೋರ್ಟ್ ಹೆಸರಿನ ಬದಲು 'ಸಾಕೆಟ್' ಎಂದು ಶುರುವಾಗುವ ವಿಳಾಸ ಕೊಟ್ಟು 'ಸೀರಿಯಲ್ ಫಾರ್ ಯುಆರ್‌ಎಲ್' ಫಂಕ್ಷನ್‌ನಿಂದ ತೆರೆಯಿರಿ. ಉಳಿದದ್ದು ಬಹುತೇಕ ಹಾಗೇ ನಡೆಯುತ್ತದೆ. ಆದರೆ ಯಂತ್ರದ ತಂತಿಯನ್ನು ನೇರವಾಗಿ ಬೋರ್ಡ್‌ಗೆ ಚುಚ್ಚಿದಿರೋ, ಕಥೆ ಮುಗಿಯಿತು. ಅದು 3.3 ವೋಲ್ಟ್‌ನ ಬೋರ್ಡ್. ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಚಿಪ್ ಇರಲೇಬೇಕು. ಮ್ಯಾಕ್ಸ್232 ಅಲ್ಲ, ಅದು 5 ವೋಲ್ಟ್‌ನದು. ವೈಫೈ ದಾರಿ ನನಗೆ ಇಷ್ಟವಾಗಲು ಇನ್ನೊಂದು ಕಾರಣ: ಟ್ಯಾಬ್ಲೆಟ್‌ಗೂ ಯಂತ್ರಕ್ಕೂ ನಡುವೆ ತಂತಿಯೇ ಇರುವುದಿಲ್ಲ. ಅರ್ಥಿಂಗ್ ಹೇಗಿದೆಯೋ ಗೊತ್ತಿಲ್ಲದ ಹಳೆಯ ಯಂತ್ರಕ್ಕೆ, ಚಾರ್ಜರ್‌ನಲ್ಲಿರುವ ಟ್ಯಾಬ್ಲೆಟ್ಟನ್ನು ನಾನಂತೂ ಕಟ್ಟುವುದಿಲ್ಲ. ಹೆದರಿಕೆ ಎನ್ನಿ, ಪರವಾಗಿಲ್ಲ.

ಇನ್ನೊಂದು. ಪ್ರೋಗ್ರಾಂ ನೇತಾಡಿಕೊಂಡು ಕೂತರೆ ಯಂತ್ರವನ್ನು ಬೈಯಬೇಡಿ. ಪೈಸೀರಿಯಲ್‌ನ 'ರೀಡ್‌ಲೈನ್' ಫಂಕ್ಷನ್ ಲೈನ್ ಫೀಡ್‌ಗಾಗಿ (ಸಾಲು ಮುಗಿಯಿತು ಎನ್ನುವ ಅಕ್ಷರ) ಕಾಯುತ್ತದೆ. ಯಂತ್ರ ಅದರ ಬದಲು ಇನ್ನೊಂದು ಅಕ್ಷರ, ಕ್ಯಾರೇಜ್ ರಿಟರ್ನ್ ಮಾತ್ರ ಕಳಿಸುತ್ತಿರಬಹುದು. 'ರೀಡ್ ಅಂಟಿಲ್' ಬಳಸಿ, ಕ್ಯಾರೇಜ್ ರಿಟರ್ನ್ ಬಂದರೆ ನಿಲ್ಲು ಎಂದು ಅದಕ್ಕೆ ಹೇಳಿ, ಟೈಮೌಟ್ ಕೊಡಿ.

ಪ್ರಶ್ನೆ: ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಐಪ್ಯಾಡ್‌ನಲ್ಲಿ ಕೆಲಸ ಮಾಡುತ್ತಿಲ್ಲ. ಸೆಟ್ಟಿಂಗ್ ಏನು?

ಯಾವ ಸೆಟ್ಟಿಂಗೂ ಇಲ್ಲ. ಅದು ಹಳೆಯ ಬ್ಲೂಟೂತ್ ಸೀರಿಯಲ್, ಐಪ್ಯಾಡ್ ಆ್ಯಪ್‌ಗಳಿಗೆ ಅದು ಸಿಗುವುದಿಲ್ಲ. ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಬ್ಲೂಟೂತ್) ಮಾಡ್ಯೂಲ್ ತನ್ನಿ.

ಪ್ರಶ್ನೆ: ಟ್ಯಾಬ್ಲೆಟ್‌ನಲ್ಲಿ ಪ್ರೋಗ್ರಾಮಿಂಗ್ ಕಲಿಯಬಹುದೇ?

ಕೀಬೋರ್ಡ್ ಇದ್ದರೆ ಧಾರಾಳವಾಗಿ.

ಪ್ರಶ್ನೆ: ಯುಎಸ್‌ಬಿ-ಪ್ಯಾರಲಲ್ ಕೇಬಲ್‌ನಿಂದ ಹಳೆಯ ಇಪ್ರಾಮ್ ಬರ್ನರ್ (ಮೆಮೊರಿ ಚಿಪ್‌ಗೆ ಪ್ರೋಗ್ರಾಂ ಬರೆಯುವ ಯಂತ್ರ) ನಡೆಸಬಹುದೇ?

ಇಲ್ಲ. ಆ ಕೇಬಲ್‌ಗಳು ಪ್ರಿಂಟರ್‌ಗೆ ಮಾತ್ರ. ಬರ್ನರ್‌ಗೆ ಪೋರ್ಟ್‌ನ ಒಂದೊಂದು ಪಿನ್ನೂ ಪ್ರೋಗ್ರಾಂ ಹೇಳಿದ ಹಾಗೆ ಕುಣಿಯಬೇಕು. ಪ್ಯಾರಲಲ್ ಪೋರ್ಟ್ ಇರುವ ಹಳೆಯ ಕಂಪ್ಯೂಟರ್ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.