ಲೈಟ್‌ರೂಮ್ ಕ್ಯಾಟಲಾಗ್ ಹೊಸ ಕಂಪ್ಯೂಟರಿಗೆ: ಮತ್ತೆ ಇಂಪೋರ್ಟ್ ಮಾಡಬೇಡಿ

ಚಿಂತಾಮಣಿಯ ಸ್ಟುಡಿಯೋದವರೇ, ಮದುವೆ ಫೋಟೋಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ಹಾಕಿದರೂ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎಡಿಟ್ ಒಂದೂ ಕಾಣುತ್ತಿಲ್ಲ, ಮತ್ತೆ ಇಂಪೋರ್ಟ್ ಮಾಡಲೇ (ಫೋಟೋಗಳನ್ನು ಹೊಸದಾಗಿ ಅದಕ್ಕೆ ಸೇರಿಸಲೇ) ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನೀವು ಮಾಡಿದ ಎಡಿಟ್ ಇರುವುದು ಫೋಟೋದೊಳಗಲ್ಲ, ಲೈಟ್‌ರೂಮ್ ಲೆಕ್ಕ ಇಡುವ ಕ್ಯಾಟಲಾಗ್ ಫೈಲಿನಲ್ಲಿ. ಫೋಟೋ ಮಾತ್ರ ತಂದರೆ ಅದು ಬರುವುದಿಲ್ಲ. ಹಳೇ ಕಂಪ್ಯೂಟರ್ ಇನ್ನೂ ಕೈಯಲ್ಲಿದೆಯಲ್ಲ, ಕೆಲಸ ಸುಲಭ.

ಹಳೇ ಕಂಪ್ಯೂಟರಿನ ಲೈಟ್‌ರೂಮ್‌ನಲ್ಲಿ ಎಡಿಟ್ ಮೆನುವಿನ ಕ್ಯಾಟಲಾಗ್ ಸೆಟ್ಟಿಂಗ್ಸ್ ತೆರೆಯಿರಿ, ಕ್ಯಾಟಲಾಗ್ ಎಲ್ಲಿದೆ ಎಂದು ತೋರಿಸುತ್ತದೆ. ಲೈಟ್‌ರೂಮ್ ಮುಚ್ಚಿ, ಲಾಕ್ ಫೈಲ್ (ಕ್ಯಾಟಲಾಗ್ ತೆರೆದಿರುವಾಗ ಪಕ್ಕದಲ್ಲಿ ಕಾಣುವ ಫೈಲ್) ಹೋದ ಮೇಲೆ ಕ್ಯಾಟಲಾಗ್ ಇರುವ ಇಡೀ ಫೋಲ್ಡರನ್ನು ಕಾಪಿ ಮಾಡಿ. ಹಲವರು ಎಲ್‌ಆರ್‌ಕ್ಯಾಟ್ (.lrcat) ಎಂಬ ಕ್ಯಾಟಲಾಗ್ ಫೈಲ್ ಒಂದನ್ನೇ ತರುತ್ತಾರೆ; ಪಕ್ಕದ ಎಲ್‌ಆರ್‌ಕ್ಯಾಟ್-ಡೇಟಾ (.lrcat-data) ಬಿಟ್ಟುಹೋದರೆ ಎಐ ಮಾಸ್ಕ್‌ಗಳು (ಮುಖ, ಆಕಾಶದಂಥ ಭಾಗವನ್ನು ಲೈಟ್‌ರೂಮ್ ತಾನೇ ಗುರುತಿಸಿದ ಆಯ್ಕೆಗಳು) ಕೈಕೊಡುತ್ತವೆ. ಫೋಟೋಗಳನ್ನು ಬೇಗ ತೋರಿಸಲು ಇಟ್ಟ ನಕಲುಗಳ ಪ್ರಿವ್ಯೂಸ್ ಭಾಗ ತೀರಾ ದೊಡ್ಡದಾದರೆ ಬಿಡಬಹುದು, ಮತ್ತೆ ತಯಾರಾಗುತ್ತದೆ.

ಹೊಸ ಕಂಪ್ಯೂಟರಿನಲ್ಲಿ ಆ ಫೋಲ್ಡರನ್ನು ಒಳಗಿನ ಎಸ್‌ಎಸ್‌ಡಿಯಲ್ಲಿ (ವೇಗದ ಡಿಸ್ಕಿನಲ್ಲಿ) ಇಟ್ಟು, ಎಲ್‌ಆರ್‌ಕ್ಯಾಟ್ ಮೇಲೆ ಡಬಲ್ ಕ್ಲಿಕ್ ಮಾಡಿ. ಫೋಲ್ಡರ್‌ಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ: ಫೋಟೋಗಳ ಜಾಗ ಬದಲಾಗಿರುತ್ತದೆ, ಉದಾಹರಣೆಗೆ 'ಡಿ' ಡ್ರೈವ್ 'ಇ' ಆಗಿರುತ್ತದೆ, ಅಷ್ಟೇ. ಒಂದೊಂದೇ ಮದುವೆಯ ಫೋಲ್ಡರ್ ಹುಡುಕುತ್ತಾ ಕೂರಬೇಡಿ. ಆ ಚಿಹ್ನೆ ಇರುವ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಪೇರೆಂಟ್ ಫೋಲ್ಡರ್' ಒತ್ತಿ, ಆ ಮೇಲಿನ ಫೋಲ್ಡರಿಗೆ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಕೊಟ್ಟು ಹೊಸ ಜಾಗ ತೋರಿಸಿ. ಒಳಗಿನ ಹೆಸರುಗಳು ಬದಲಾಗಿರದಿದ್ದರೆ ಎಲ್ಲವೂ ಒಟ್ಟಿಗೆ ಸರಿಹೋಗುತ್ತದೆ.

ಪ್ರಿಸೆಟ್‌ಗಳು (ಉಳಿಸಿಟ್ಟ ಎಡಿಟ್ ಸೆಟ್ಟಿಂಗ್‌ಗಳು) ಸಾಮಾನ್ಯವಾಗಿ ಬೇರೆ ಕಡೆ ಇರುತ್ತವೆ. ಪ್ರಿಫರೆನ್ಸಸ್‌ನ ಪ್ರಿಸೆಟ್ಸ್ ಟ್ಯಾಬಿನಿಂದ ಆ ಫೋಲ್ಡರ್ ತೆರೆದು ಪ್ರತ್ಯೇಕವಾಗಿ ತನ್ನಿ. ಇದೆಲ್ಲ ಮುಗಿದು, ಹಳೇ ಆಲ್ಬಂಗಳನ್ನು ತೆರೆದು ನೋಡುವವರೆಗೆ ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ.