ಗಲ್ಫ್ ಕೆಲಸ: ವಿಮಾನ ಹತ್ತುವ ಮುಂಚೆ, ಹತ್ತಿದ ಮೇಲೆ

ಪ್ರಶ್ನೆ: ತಮ್ಮ ಎಸ್ಸೆಸ್ಸೆಲ್ಸಿ ಫೇಲ್. ದುಬೈಯಲ್ಲಿ ಹೆಲ್ಪರ್ ಕೆಲಸ ಕೊಡಿಸುತ್ತೇನೆ, 1.20 ಲಕ್ಷ ಕೊಡಿ, ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಕಂಪನಿಯೇ ಕೆಲಸದ ವೀಸಾ ಮಾಡಿಸುತ್ತದೆ ಎನ್ನುತ್ತಾರೆ ಏಜೆಂಟರು. ಕಳಿಸಬಹುದೇ?
– ಓದುಗರು, ಬೈಂದೂರು

ಉತ್ತರ: ವಿಸಿಟ್ ವೀಸಾದಲ್ಲಿ ಖಂಡಿತ ಬೇಡ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕು) ಎಂದು ಅಚ್ಚಾಗಿರುತ್ತದೆ. ಅಂಥವರು ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಬಹ್ರೇನ್ ಮೊದಲಾದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ, ಬೇಕೇ ಬೇಕು. ಪ್ರವಾಸಕ್ಕೆ ಹೋಗುವವರಿಗೆ ಅದು ಬೇಡ. ಏಜೆಂಟರು ಹಿಡಿದಿರುವುದು ಈ ಕಳ್ಳದಾರಿಯನ್ನೇ. ಹೀಗೆ ಹೋದರೆ ಕಂಪನಿ ಯಾವುದು, ಸಂಬಳ ಎಷ್ಟು ಎಂಬುದು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ದಾಖಲಾಗುವುದೇ ಇಲ್ಲ. ನಾಳೆ ತಕರಾರಾದರೆ ಕಂಪನಿಯನ್ನು ಕೇಳಲು ನಿಮ್ಮ ಕೈಯಲ್ಲಿ ಒಂದು ಚೂರು ಕಾಗದವೂ ಇರುವುದಿಲ್ಲ.

ಅಲ್ಲಿಯ ಕಾನೂನಿನಲ್ಲೂ ವಿಸಿಟ್ ವೀಸಾದಲ್ಲಿ ದುಡಿಯುವುದು ತಪ್ಪು. ವೀಸಾ ಮುಗಿದ ಮೇಲೆ ದಿನಕ್ಕೆ 50 ದಿರ್ಹಮ್ ದಂಡ ಬೀಳುತ್ತದೆ. ‘ಇವತ್ತು ಆಗುತ್ತೆ, ನಾಳೆ ಆಗುತ್ತೆ’ ಎಂದು ಎರಡು ತಿಂಗಳು ತಳ್ಳಿದರೆ 3,000 ದಿರ್ಹಮ್. ಸಂಬಳ ಕೊಡದಿದ್ದರೂ ಇಂಥವರು ದೂರು ಕೊಡದೆ ಸುಮ್ಮನಿರುವುದು ಈ ದಂಡಕ್ಕೆ ಹೆದರಿಯೇ.

ಇನ್ನು ದುಡ್ಡಿನ ಮಾತು. ನೋಂದಾಯಿತ ಏಜೆಂಟರು ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಶೇ 18 ಜಿಎಸ್‌ಟಿ ಸೇರಿ 35,400. ಅದಕ್ಕೂ ರಸೀದಿ ಕೊಡಬೇಕು. ಇ-ಮೈಗ್ರೇಟ್‌ನಲ್ಲಿ ಏಜೆಂಟರ ಲೈಸೆನ್ಸ್ ಸಂಖ್ಯೆ ಹಾಕಿ, ಅದು ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ‘ನಾನು ಮುಂಬೈ ಆಫೀಸಿನವರ ಸಬ್-ಏಜೆಂಟ್’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾನೂನಿನಲ್ಲಿ ಸಬ್-ಏಜೆಂಟ್‌ಗೆ ಜಾಗವೇ ಇಲ್ಲ. ಕ್ಲಿಯರೆನ್ಸ್ ಜೊತೆಗೇ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಆಗುತ್ತದೆ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ಸಿಗುತ್ತದೆ. ಪಾಲಿಸಿಯ ಒಂದು ಪ್ರತಿ ನಿಮ್ಮ ಮನೆಯಲ್ಲೂ ಇರಲಿ. ಕ್ಲೇಮ್ ಮಾಡಬೇಕಾಗಿ ಬರುವುದು ಮನೆಯವರಿಗೇ ತಾನೆ.

ಪ್ರಶ್ನೆ: ಮಗನ ಆಫರ್ ಲೆಟರ್‌ನಲ್ಲಿ ಒಟ್ಟು 1,800 ದಿರ್ಹಮ್ ಎಂದಿದೆ, ಬೇಸಿಕ್ ಮಾತ್ರ 800. ಒಟ್ಟು ಅಷ್ಟೇ ಬರುವುದಾದರೆ ಏನು ವ್ಯತ್ಯಾಸ?
– ಓದುಗರು, ಉಳ್ಳಾಲ

ಉತ್ತರ: ತುಂಬ ವ್ಯತ್ಯಾಸವಿದೆ. ಯುಎಇಯಲ್ಲಿ ಓವರ್‌ಟೈಮ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಎರಡೂ ಲೆಕ್ಕವಾಗುವುದು ಬೇಸಿಕ್ ಅಂದರೆ ಮೂಲ ವೇತನದ ಮೇಲೆ. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳ ಮಟ್ಟಿಗೆ ವರ್ಷಕ್ಕೆ 21 ದಿನದ ಬೇಸಿಕ್ ಗ್ರಾಚ್ಯುಟಿಯಾಗಿ ಬರಬೇಕು. 800ನ್ನು 30ರಿಂದ ಭಾಗಿಸಿ 21ರಿಂದ ಗುಣಿಸಿ: ವರ್ಷಕ್ಕೆ 560 ದಿರ್ಹಮ್. ಬೇಸಿಕ್ 1,400 ಇದ್ದಿದ್ದರೆ 980 ಆಗುತ್ತಿತ್ತು. ನಾಲ್ಕು ವರ್ಷ ದುಡಿದು ಊರಿಗೆ ಮರಳುವಾಗ 1,680 ದಿರ್ಹಮ್ ಖೋತಾ. ಉಳಿದ 1,000 ‘ಅಲೊವನ್ಸ್’ ಅಂದರೆ ಏನೇನು ಎಂದು ಬಿಡಿಬಿಡಿಯಾಗಿ ಬರೆಸಿ. ರೂಮ್ ಕಂಪನಿಯದೇ ಎಂದು ಬಾಯಲ್ಲಿ ಹೇಳಿ, ಕಾಗದದಲ್ಲಿ ಮನೆ ಬಾಡಿಗೆ ಭತ್ಯೆ ತೋರಿಸಿ, ಆಮೇಲೆ ಅದನ್ನೇ ಮುರಿದುಕೊಳ್ಳುವುದು ಹಳೇ ಆಟ.

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ನಂಬಿ ಕೂರಬೇಡಿ. ಅಲ್ಲಿಯ ಕಾರ್ಮಿಕ ಸಚಿವಾಲಯದ ನಮೂನೆಯ ಆಫರ್ ಲೆಟರ್‌ನಲ್ಲಿ ಅರೇಬಿಕ್, ಇಂಗ್ಲಿಷ್ ಜೊತೆ ಕೆಲಸಗಾರನ ಆಯ್ಕೆಯ ಮೂರನೇ ಭಾಷೆಯೂ ಇರುತ್ತದೆ. ಆಯ್ಕೆಯ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳಂ, ತಮಿಳು ಇವೆ. ನಮ್ಮ ಕರಾವಳಿಯಿಂದ ಇಷ್ಟು ಜನ ಹೋದರೂ ಕನ್ನಡ ಇಲ್ಲ! ಮಗನಿಗೆ ಓದಲು ಬರುವ ಭಾಷೆಯಲ್ಲೇ ಕೇಳಿ ಪಡೆದು, ಬೇಸಿಕ್ ಅಂಕಿಯನ್ನು ಅವನೇ ನೋಡಿ ಸಹಿ ಹಾಕಲಿ.

ಪ್ರಶ್ನೆ: ಶಾರ್ಜಾದಲ್ಲಿರುವ ಭಾವನಿಗೆ ಮೂರು ತಿಂಗಳಿಂದ ಸಂಬಳವಿಲ್ಲ. ಪಾಸ್‌ಪೋರ್ಟ್ ಕಂಪನಿ ಬಳಿ ಇದೆ. ಕ್ಯಾಂಪ್ ಬಿಟ್ಟು ಸ್ನೇಹಿತರ ರೂಮಿಗೆ ಹೋಗಲಾ ಎಂದು ಕೇಳುತ್ತಿದ್ದಾರೆ.
– ಓದುಗರು, ಭಟ್ಕಳ

ಉತ್ತರ: ಮೊದಲು ದೂರು, ಆಮೇಲೆ ಬೇಕಿದ್ದರೆ ರೂಮು. ಇದನ್ನು ಹಿಂದುಮುಂದು ಮಾಡಿದರೆ ಕೇಸ್ ಕೆಡುತ್ತದೆ. ಹೇಳದೆ ಸತತ ಏಳು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಬಾರದಿದ್ದರೆ ‘ಕೆಲಸ ಬಿಟ್ಟು ಓಡಿಹೋಗಿದ್ದಾನೆ’ ಎಂದು ಕಂಪನಿ ವರದಿ ಹಾಕಬಹುದು. ಆಗ ಸಂಬಳ ಕೇಳಬೇಕಾದವರು ಉತ್ತರ ಕೊಡಬೇಕಾದವರಾಗುತ್ತಾರೆ. ಹಾಗಾಗಿ ಇವತ್ತೇ ಅಲ್ಲಿಯ ಕಾರ್ಮಿಕ ಸಚಿವಾಲಯದ 80084 ಸಂಖ್ಯೆಗೆ ಅಥವಾ ಅದರ ಆ್ಯಪ್‌ನಲ್ಲಿ ದೂರು ಕೊಟ್ಟು, ದೂರಿನ ಸಂಖ್ಯೆಯ ಫೋಟೊ ನಿಮಗೂ ಕಳಿಸಲಿ. ಬ್ಯಾಂಕ್ ಸ್ಟೇಟ್‌ಮೆಂಟ್, ಲೇಬರ್ ಕಾರ್ಡ್, ಹಾಜರಿ ಹಾಳೆಯ ಫೋಟೊ ಜೊತೆಗಿರಲಿ. 50,000 ದಿರ್ಹಮ್‌ವರೆಗಿನ ತಕರಾರನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ. ಮೂರು ತಿಂಗಳ ಸಂಬಳ ಅದರೊಳಗೇ ಬರುತ್ತದೆ.

ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಕಂಪನಿಗಿಲ್ಲ. ‘ನನ್ನ ಪಾಸ್‌ಪೋರ್ಟ್ ಕೊಡಿ’ ಎಂದು ಮೆಸೇಜ್‌ನಲ್ಲೇ ಕೇಳಲಿ, ಅದೇ ಸಾಕ್ಷಿಯಾಗುತ್ತದೆ. ಕಳೆದುಹೋಗಿದೆ ಎಂದು ಪೊಲೀಸರಿಗೆ ಸುಳ್ಳು ದೂರು ಕೊಡುವ ಸಲಹೆಯನ್ನು ಗೆಳೆಯರು ಕೊಟ್ಟೇ ಕೊಡುತ್ತಾರೆ, ಕೇಳುವುದು ಬೇಡ. ನೀವು ಊರಿನಿಂದಲೇ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಭಾವ ಅಲ್ಲಿಂದ 800 46342ಕ್ಕೆ ಕರೆ ಮಾಡಿದರೆ ಭಾರತೀಯ ದೂತಾವಾಸದ ಸಹಾಯ ಕೇಂದ್ರ ಸಿಗುತ್ತದೆ.

ಪ್ರಶ್ನೆ: ತಂಗಿಗೆ 26 ವರ್ಷ, ಇಸಿಆರ್ ಪಾಸ್‌ಪೋರ್ಟ್. ಕುವೈತ್‌ನಲ್ಲಿ ಮನೆಕೆಲಸ ಇದೆಯಂತೆ.
– ಓದುಗರು, ಕುಂದಾಪುರ

ಉತ್ತರ: 30 ತುಂಬದ ಮಹಿಳೆಗೆ ಇಸಿಆರ್ ಪಾಸ್‌ಪೋರ್ಟಿನ ಮೇಲೆ ಅಲ್ಲಿ ಕೆಲಸಕ್ಕೆ ಕ್ಲಿಯರೆನ್ಸ್ ಕೊಡುವುದಿಲ್ಲ. ‘ಮಾಡಿಸಿಕೊಡ್ತೇನೆ’ ಎನ್ನುವವರು ಮೊದಲ ಪ್ರಶ್ನೆಯ ವಿಸಿಟ್ ವೀಸಾದವರೇ.